ಅವರವರ ಚೀಲ ಅವರವರೇ ಕಟ್ಟಲಿ

ಪ್ರವಾಸ ಹೊರಡುವ ಹಿಂದಿನ ರಾತ್ರಿ ಹನ್ನೊಂದು ಗಂಟೆಗೆ ನಮ್ಮ ಕಡೆಯ ಯಾವ ಮನೆಗಾದರೂ ಹೋಗಿ ನೋಡಿ. ಯಜಮಾನರು ಬಸ್ಸಿನ ಹೊತ್ತನ್ನು ಮೊಬೈಲಿನಲ್ಲಿ ಇನ್ನೊಮ್ಮೆ ನೋಡಿಕೊಂಡು ಮಲಗಿರುತ್ತಾರೆ. ಮಕ್ಕಳು ಯಾವಾಗಲೋ ನಿದ್ದೆ ಹೋಗಿರುತ್ತವೆ. ಮಾವನವರು ತಮ್ಮ ಸ್ವೆಟರು, ಮಫ್ಲರು, ಗುಳಿಗೆಯ ಡಬ್ಬಿ ತಂದಿಟ್ಟು ‘ಇವನ್ನೂ ಒಂದ್ ಕಡೆ ಹಾಕವಾ’ ಎಂದು ಹೇಳಿ ಒಳಗೆ ಹೋಗಿರುತ್ತಾರೆ. ಪಡಸಾಲೆಯಲ್ಲಿ ಬಾಯಿ ತೆರೆದ ಚೀಲಗಳ ನಡುವೆ ಕೂತವಳು ಒಬ್ಬಳೇ. ಅವಳ ಸೀರೆಗಳು ಇನ್ನೂ ಕಪಾಟಿನಲ್ಲೇ ಇವೆ. ಎಲ್ಲರದ್ದೂ ಮುಗಿದ ಮೇಲೆ ಯಾವ ಚೀಲದಲ್ಲಿ ಸಂದು ಉಳಿಯುತ್ತದೋ ಅಲ್ಲಿಗೆ ಅವು ಹೋಗುತ್ತವೆ.

ಪ್ರವಾಸದ ರೀತಿಗೆ ತಕ್ಕಂತೆ ಸಾಮಾನು ಕಟ್ಟಿಕೊಳ್ಳುವುದು ಹೇಗೆ ಎಂಬ ಸಲಹೆಗೆ ಈಗ ಬರವಿಲ್ಲ. ಬಟ್ಟೆ ಮಡಚಬೇಡಿ, ಸುರುಳಿ ಸುತ್ತಿ. ಬೂಟಿನೊಳಗೆ ಕಾಲುಚೀಲ ತುರುಕಿ. ಚಾರಣಕ್ಕೆ ಇಷ್ಟು, ಕಡಲತೀರಕ್ಕೆ ಅಷ್ಟು. ಹೇಳಲಿ, ತಪ್ಪೇನಿಲ್ಲ. ಆದರೆ ಚೀಲ ಕಟ್ಟುವವರು, ಹೊರುವವರು, ಬಿಚ್ಚುವವರು ಒಬ್ಬರೇ ಎಂದು ಈ ಸಲಹೆಗಾರರೆಲ್ಲ ಯಾರನ್ನೂ ಕೇಳದೆ ತೀರ್ಮಾನಿಸಿಬಿಟ್ಟಿರುತ್ತಾರೆ. ನಮ್ಮ ಮನೆಗಳಲ್ಲಿ ಹಾಗಿಲ್ಲ. ಕಟ್ಟುವವಳು ಒಬ್ಬಳು, ಹೊರುವವನು ಇನ್ನೊಬ್ಬ, ‘ನನ್ನ ಟವೆಲ್ ಎಲ್ಲಿ’ ಎಂದು ಕೂಗುವವರು ಉಳಿದವರೆಲ್ಲ. ಒಬ್ಬರು ಕಟ್ಟಿದ ಚೀಲ ಇನ್ನೊಬ್ಬರ ಪ್ರವಾಸದ ರೀತಿಗೆ ಹೊಂದುವುದಾದರೂ ಹೇಗೆ?

ನಾನು ಗದಗ ಜಿಲ್ಲೆಯ ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಡಿಸೆಂಬರ್ ಬಂತೆಂದರೆ ಶಾಲಾ ಪ್ರವಾಸದ ಹೊಣೆ ನನ್ನ ಕೊರಳಿಗೆ ಬೀಳುತ್ತಿತ್ತು. ಒಂದು ವರ್ಷ ಬಾದಾಮಿ, ಐಹೊಳೆ, ಪಟ್ಟದಕಲ್ಲು. ಇನ್ನೊಂದು ವರ್ಷ ಬೇಲೂರು, ಹಳೇಬೀಡು, ಶ್ರವಣಬೆಳಗೊಳ. ಮತ್ತೊಂದು ವರ್ಷ ಜೋಗ, ಮುರ್ಡೇಶ್ವರ, ಗೋಕರ್ಣ. ಚೀಲದ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಹೆಚ್ಚಿನದನ್ನು ಕಲಿಸಿದವರು ಆ ಮಕ್ಕಳು.

ರಾತ್ರಿ ಯಾವುದಾದರೂ ಕಲ್ಯಾಣ ಮಂಟಪದಲ್ಲಿ ವಸತಿ. ಬೆಳಗಿನ ಐದಕ್ಕೆ ಎಬ್ಬಿಸಿದರೆ ಅರ್ಧ ಮಕ್ಕಳು ಕತ್ತಲಲ್ಲೇ ಚೀಲಕ್ಕೆ ಕೈಹಾಕಿ ಬ್ರಷ್ಷು, ಪೇಸ್ಟು ಹಿಡಿದು ನಲ್ಲಿಗೆ ಓಡುತ್ತಿದ್ದವು. ಇನ್ನರ್ಧ ಮಕ್ಕಳು ಇಡೀ ಚೀಲವನ್ನು ಜಮಖಾನದ ಮೇಲೆ ಸುರುವಿ, ‘ಅಕ್ಕೋರೆ, ನಮ್ಮವ್ವ ಬ್ರಷ್ ಎಲ್ಲಿಟ್ಟಾಳೋ ಗೊತ್ತಿಲ್ರೀ’ ಎಂದು ಮುಖ ಸಣ್ಣದು ಮಾಡಿಕೊಂಡು ನಿಲ್ಲುತ್ತಿದ್ದವು. ಬ್ರಷ್ಷು ಇದ್ದೇ ಇರುತ್ತಿತ್ತು, ಅವ್ವ ಮರೆಯುವವಳಲ್ಲ. ಪ್ಲಾಸ್ಟಿಕ್ ಚೀಲದೊಳಗೆ ಇನ್ನೊಂದು ಪ್ಲಾಸ್ಟಿಕ್ ಚೀಲ, ಅದಕ್ಕೆ ಬಿಗಿಯಾದ ಗಂಟು, ಗಂಟಿನೊಳಗೆ ಬ್ರಷ್ಷು. ಅಷ್ಟು ಬಿಚ್ಚುವ ಹೊತ್ತಿಗೆ ನಲ್ಲಿಯ ಮುಂದೆ ಸಾಲು ಬೆಳೆದಿರುತ್ತಿತ್ತು.

ಹುಡುಗಿಯರ ಪಾಡು ಇನ್ನೂ ಕಷ್ಟದ್ದು. ಎಂಟು, ಒಂಬತ್ತನೇ ತರಗತಿಯ ಹುಡುಗಿಯರ ಚೀಲದಲ್ಲಿ ತಾಯಂದಿರು ಪ್ಯಾಡುಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿ, ಯಾರ ಕಣ್ಣಿಗೂ ಬೀಳದಿರಲೆಂದು ತಳದಲ್ಲಿ ಇಟ್ಟಿರುತ್ತಿದ್ದರು. ಬಸ್ಸು ಘಟ್ಟ ಇಳಿಯುತ್ತಿರುವಾಗ ಬೇಕಾದರೆ ಆ ಹುಡುಗಿ ಏನು ಮಾಡಬೇಕು? ಚೀಲ ಬಸ್ಸಿನ ಡಿಕ್ಕಿಯಲ್ಲಿ, ಅದರ ಮೇಲೆ ಇನ್ನೂ ಹತ್ತು ಚೀಲ. ತಾನೇ ಕಟ್ಟಿಕೊಂಡು ಬಂದ ಹುಡುಗಿ ಅದನ್ನು ಕೈಯಲ್ಲಿ ಹಿಡಿಯುವ ಸಣ್ಣ ಪರ್ಸಿನಲ್ಲಿ ಇಟ್ಟುಕೊಂಡಿರುತ್ತಿದ್ದಳು. ಮುಚ್ಚಿಡುವುದು ತಾಯಿಯ ಚಿಂತೆಯಾದರೆ, ಬೇಕಾದಾಗ ಕೈಗೆ ಸಿಗಬೇಕೆಂಬುದು ಮಗಳ ಚಿಂತೆ.

ಅದಕ್ಕೇ ಒಂದು ನಿಯಮ ಮಾಡಿದೆ. ಚೀಲವನ್ನು ಮಕ್ಕಳೇ ಕಟ್ಟಬೇಕು. ಹೊರಡುವ ಹಿಂದಿನ ದಿನ ಅದನ್ನು ಶಾಲೆಗೆ ತಂದು, ಬೆನ್ನಿಗೆ ಹಾಕಿಕೊಂಡು ಮೈದಾನ ಮೂರು ಸುತ್ತು ನಡೆಯಬೇಕು. ಮೊದಲನೇ ಸುತ್ತಿಗೆ ನಗು, ಎರಡನೆಯದಕ್ಕೆ ಬೆವರು, ಮೂರನೆಯದು ಮುಗಿಯುವ ಮೊದಲೇ ಬೇವಿನ ಗಿಡದ ಕೆಳಗೆ ಚೀಲ ಇಳಿಸಿ ಬಿಚ್ಚುವವರೇ ಹೆಚ್ಚು. ಒಬ್ಬಳ ಚೀಲದಲ್ಲಿ ಮೂರು ಜೊತೆ ಚಪ್ಪಲಿ. ಒಬ್ಬ ಹುಡುಗ ಕೇರಂ ಕಾಯಿಗಳನ್ನೆಲ್ಲ ತಂದಿದ್ದ, ಬೋರ್ಡು ಮಾತ್ರ ಇಲ್ಲ! ಚಪ್ಪಲಿ ಅವಳೇ ತೆಗೆದಳು. ಕೇರಂ ಕಾಯಿ ಇರಲೆಂದು ನಾನು ಸುಮ್ಮನಾದೆ. ಹೊರುವವನು ಅವನು, ಆಡುವವನೂ ಅವನೇ. (ಬೇಲೂರಿನ ವಸತಿಯಲ್ಲಿ ಸಿಮೆಂಟು ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಆ ಕಾಯಿಗಳಲ್ಲೇ ಏನೋ ಆಟ ಹುಟ್ಟಿಸಿ ಹುಡುಗರೆಲ್ಲ ರಾತ್ರಿ ಹತ್ತರವರೆಗೆ ಆಡಿದರು.)

ಹೋಗುವ ಊರಿನ ಸಂಗತಿ ಮಾತ್ರ ನಾನು ಹೇಳುತ್ತಿದ್ದೆ, ಅದು ಮಕ್ಕಳಿಗೆ ತಾನಾಗಿ ತಿಳಿಯುವುದಲ್ಲ. ಬಾದಾಮಿಯ ಗುಹೆಗಳ ಹತ್ತಿರ ಮಂಗಗಳಿವೆ; ಕೈಯಲ್ಲಿ ತೂಗಾಡುವ ಕ್ಯಾರಿಬ್ಯಾಗ್ ಕಂಡರೆ ಒಳಗೇನಿದೆ ಎಂದು ಕೇಳದೆ ಕಿತ್ತುಕೊಂಡು ಹೋಗುತ್ತವೆ, ತಿನಿಸು ಬೆನ್ನಿನ ಚೀಲದೊಳಗೇ ಇರಲಿ. ಶ್ರವಣಬೆಳಗೊಳದಲ್ಲಿ ಚಪ್ಪಲಿ ಕೆಳಗೆ ಬಿಟ್ಟು ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಬೇಕು. ಬಿಸಿಲೇರಿದರೆ ಬಂಡೆ ಕಾಯುತ್ತದೆ, ಒಂದು ಜೊತೆ ಕಾಲುಚೀಲ ಮೇಲೆಯೇ ಇಟ್ಟುಕೊಳ್ಳಿ. ಗೋಕರ್ಣದಲ್ಲಿ ಒದ್ದೆ ಬಟ್ಟೆ ತುಂಬಲು ಗಟ್ಟಿ ಪ್ಲಾಸ್ಟಿಕ್ ಚೀಲ ಬೇಕು. ಹಿರಿಯರು ಹೇಳಬೇಕಾದದ್ದು ಇಷ್ಟು. ಇದರಾಚೆ ಏನು ತುಂಬಬೇಕು, ಏನು ಬಿಡಬೇಕು ಎಂಬುದು ಹೊರುವವರಿಗೆ ಬಿಟ್ಟದ್ದು.

ಹೊರುವವರೇ ಕಟ್ಟಿಕೊಂಡ ಚೀಲ ಹೇಗಿರುತ್ತದೆಂದು ತಿಳಿಯಬೇಕಾದರೆ ಯುಗಾದಿಗೆ ಮುಂಚೆ ನಮ್ಮ ಕಡೆಯಿಂದ ಶ್ರೀಶೈಲಕ್ಕೆ ನಡೆದು ಹೋಗುವವರನ್ನು ನೋಡಬೇಕು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ತಂಡ ತಂಡವಾಗಿ ಮಲ್ಲಯ್ಯನ ಕಂಬಿಯ ಜೊತೆ ಹೊರಡುತ್ತಾರೆ. ಕೆಲವರಂತೂ ಮರಗಾಲು ಕಟ್ಟಿಕೊಂಡೇ ನಡೆಯುತ್ತಾರೆ. ಬಯಲುಸೀಮೆಯ ಮಾರ್ಚ್ ತಿಂಗಳ ಬಿಸಿಲು ದಾಟಿದ ಮೇಲೆ ನಲ್ಲಮಲ ಕಾಡು. ನಾಗಲೂಟಿ, ಪೆಚ್ಚೆರುವು, ಭೀಮನಕೊಳ್ಳದ ಹಾದಿ. ನನ್ನ ಸೋದರಮಾವ ಕಾಲು ಗಟ್ಟಿ ಇರುವವರೆಗೂ ಹೋಗುತ್ತಿದ್ದ. ಅವನ ಬಗಲಚೀಲ ನನಗೆ ಇವತ್ತಿಗೂ ಬಾಯಿಪಾಠ. ಎರಡು ಧೋತರ, ಒಂದು ಅಂಗಿ, ಒಂದು ಟವೆಲ್, ಸೊಲ್ಲಾಪುರದ ಚಾದರ, ವಿಭೂತಿ ಗಟ್ಟಿ, ಸಣ್ಣ ಸೀಸೆಯಲ್ಲಿ ಕೊಬ್ಬರಿ ಎಣ್ಣೆ, ಸೂಜಿ, ದಾರ. ಎಣ್ಣೆ ತಲೆಗಲ್ಲ, ಅಂಗಾಲಿಗೆ. ಸೂಜಿ ಹರಿದ ಬಟ್ಟೆಗಲ್ಲ, ಅಂಗಾಲಿನ ಬೊಬ್ಬೆಗೆ. ದಾರ ಪೋಣಿಸಿದ ಸೂಜಿಯನ್ನು ಬೊಬ್ಬೆಯಲ್ಲಿ ಹಾಯಿಸಿ ದಾರವನ್ನು ಅಲ್ಲೇ ಬಿಟ್ಟರೆ ರಾತ್ರಿಯೊಳಗೆ ನೀರು ಇಳಿದುಹೋಗುತ್ತಿತ್ತಂತೆ. ಊಟದ ಗಂಟು ಇಲ್ಲವೇ ಇಲ್ಲ. ದಾರಿಯುದ್ದಕ್ಕೂ ಊರವರು ದಾಸೋಹ ಇಟ್ಟಿರುತ್ತಾರೆ, ರೊಟ್ಟಿ ಮಜ್ಜಿಗೆಗೆ ಕೊರತೆಯಿಲ್ಲ. ಅತ್ತೆ ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು ಬಾಗಿಲಿಗೆ ಬಂದರೆ ಮಾವ ‘ನೀ ಹೊರ್ತಿಯೇನು?’ ಎಂದು ಕೇಳುತ್ತಿದ್ದ. ಮಾತು ಒರಟು. ಆದರೆ ಕೇಳಬೇಕಾದ ಪ್ರಶ್ನೆಯೂ ಅದೇ.

ಹಾಗೆಂದು ಹಗುರ ಚೀಲವೇ ಶ್ರೇಷ್ಠ ಎನ್ನುವ ಈಗಿನ ಗೀಳು ನನಗಿಲ್ಲ. ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗುವವರು ಚಕ್ಕಡಿ, ಟ್ರ್ಯಾಕ್ಟರ್ ತುಂಬ ಹಿಟ್ಟು, ಬೆಲ್ಲ, ಕಟ್ಟಿಗೆ, ಪಾತ್ರೆ, ಮೇಲೆ ಹೊದಿಸುವ ತಾಡಪತ್ರಿ ಎಲ್ಲ ಹೇರಿಕೊಂಡು ಹೋಗುತ್ತಾರೆ. ಅಲ್ಲೇ ಒಲೆ ಹೂಡಿ, ಹೋಳಿಗೆ ಕಡುಬು ಮಾಡಿ, ದೇವಿಗೆ ನೈವೇದ್ಯದ ಪಡ್ಡಲಗಿ ತುಂಬಿಸಿ, ಉಂಡು ಬರುವ ಯಾತ್ರೆ ಅದು. ಅಲ್ಲಿ ಅಡುಗೆ ಸಾಮಾನೇ ಮುಖ್ಯ ಸಾಮಾನು, ಹೊರಲು ಟ್ರ್ಯಾಕ್ಟರ್ ಇದೆ. ಇನ್ನು ಒಂದೇ ಚೀಲದಲ್ಲಿ ಬಂದೆನೆಂದು ಬೀಗುವವರನ್ನೂ ನೋಡಿದ್ದೇನೆ. ಸಾಬೂನು ಒಬ್ಬರದು, ಚಾರ್ಜರ್ ಇನ್ನೊಬ್ಬರದು, ರಾತ್ರಿ ಚಳಿಯಾದರೆ ಹೊದಿಕೆ ಮತ್ತೊಬ್ಬರದು. ಅವರ ಭಾರವನ್ನೂ ಪಕ್ಕದವರೇ ಹೊತ್ತಿರುತ್ತಾರೆ.

ಇತ್ತೀಚೆಗೆ ನಮ್ಮ ಊರುಗಳಲ್ಲಿ ಒಂದು ಬದಲಾವಣೆಯಾಗಿದೆ. ಅದರ ಬಗ್ಗೆ ಟಿಕೆಟ್ಟಿನ ಲೆಕ್ಕ ಬಿಟ್ಟು ಬೇರೆ ಮಾತು ಯಾರೂ ಆಡುತ್ತಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ರಾಜಹಂಸ, ಐರಾವತದಂಥ ಬಸ್ಸು ಬಿಟ್ಟು ಸಾದಾ ಸರ್ಕಾರಿ ಬಸ್ಸುಗಳಲ್ಲಿ ರಾಜ್ಯದೊಳಗೆ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಅದಾದ ಮೇಲೆ ಓಣಿಯ ಹೆಂಗಸರು ಗುಂಪಾಗಿ ಧರ್ಮಸ್ಥಳ, ಸಿಗಂದೂರು, ಹೊರನಾಡು ಎಂದು ಹೊರಡತೊಡಗಿದರು. ಗಂಡನಿಲ್ಲ, ಮಕ್ಕಳಿಲ್ಲ, ಅತ್ತೆ ಮಾವನ ಸ್ವೆಟರಿಲ್ಲ. ಎಷ್ಟೋ ಜನ ಹೆಂಗಸರು ಬದುಕಿನಲ್ಲಿ ಮೊದಲ ಸಲ ತಮ್ಮೊಬ್ಬರದೇ ಚೀಲ ಕಟ್ಟಿದರು.

ನಮ್ಮ ಗುಂಪಿನಲ್ಲಿ ಐವತ್ತು ದಾಟಿದ ಒಬ್ಬ ಹೆಣ್ಣುಮಗಳು ಮೊದಲನೇ ಸಲ ಬಂದಾಗ ಚೀಲ ಹೊಟ್ಟೆ ಬಿರಿಯುವಂತಿತ್ತು. ಬಸ್ಸಿನಲ್ಲಿ ಬಿಚ್ಚಿ ನೋಡಿದರೆ ಆರು ಜನಕ್ಕಾಗುವಷ್ಟು ಚಪಾತಿ, ಎರಡು ಟವೆಲ್, ಅಮೃತಾಂಜನ, ಇಡೀ ಮನೆಗೆ ಸಾಕಾಗುವ ಟೂತ್‌ಪೇಸ್ಟು. ತನಗೆ ಬೇಕಾದ ಕನ್ನಡಕ ಮಾತ್ರ ಇಲ್ಲ. ‘ಎಲ್ಲಾರಿಗೂ ಏನ್ ಬೇಕಂತ ಗೊತ್ತೈತ್ರೀ, ನನಗೇನ್ ಬೇಕಂತ ನಾನ ಎಂದೂ ಕೇಳಿಕೊಂಡಿಲ್ಲ’ ಎಂದಳು. ನಗುತ್ತಲೇ ಹೇಳಿದಳು, ನಾವೂ ನಕ್ಕೆವು. ಈಗ ಅವಳ ಚೀಲ ನಮ್ಮೆಲ್ಲರದಕ್ಕಿಂತ ಅಚ್ಚುಕಟ್ಟು. ಕಿಟಕಿಯ ಪಕ್ಕ ಕೂತು ಹೆಣೆಯಲು ಉಲ್ಲನ್ ಉಂಡೆ, ಎರಡು ಸೂಜಿ. ಅದು ಅವಳ ಪ್ರವಾಸದ ರೀತಿ. ಮನೆಯವರು ಕಟ್ಟಿಕೊಟ್ಟಿದ್ದರೆ ಅದು ಬರುತ್ತಲೇ ಇರಲಿಲ್ಲ.

ಕೆಂಪು ಬಸ್ಸಿನ ಪ್ರವಾಸಕ್ಕೆ ನನ್ನದೂ ಒಂದು ಅಭಿಪ್ರಾಯವಿದೆ. ಗಾಲಿಯ ಪೆಟ್ಟಿಗೆ ಬೇಡ. ತಲೆಯ ಮೇಲಿನ ಕ್ಯಾರಿಯರಿನಲ್ಲಿ ಅದು ಕೂರುವುದಿಲ್ಲ. ಓಡಾಡುವ ಹಾದಿಯಲ್ಲಿ ನಿಲ್ಲಿಸಿದರೆ ತಿರುವಿನಲ್ಲಿ ಹಿಂದಿನ ಸೀಟಿನಿಂದ ಮುಂದಿನ ಸೀಟಿಗೆ ತಾನೇ ಹೊರಡುತ್ತದೆ. ಕಂಡಕ್ಟರ್ ‘ಯಾರದರೀ ಇದು?’ ಎಂದಾಗ ಎಲ್ಲರೂ ನಿಮ್ಮ ಕಡೆ ತಿರುಗುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಕಿಟಕಿಯಿಂದ ಒಳಗೆ ಎಸೆದು ಸೀಟು ಹಿಡಿಯಲು ಬರುವುದಿಲ್ಲ. ಬಟ್ಟೆಯ ಚೀಲಕ್ಕೆ ಆ ಗುಣವಿದೆ.

ಆ ಚೀಲದ ತಳಕ್ಕೆ ಒಂದು ಹಳೆಯ ನೂಲಿನ ಸೀರೆ ಇರಲೇಬೇಕು, ಒಗೆದೂ ಒಗೆದೂ ಮೆತ್ತಗಾದದ್ದು. ರಾತ್ರಿ ವಸತಿಯಲ್ಲಿ ಅದೇ ಹಾಸಿಗೆ. ಚಳಿಯಾದರೆ ನಾಲ್ಕು ಮಡಿಕೆ ಮಾಡಿ ಹೊದಿಕೆ. ಧರ್ಮಸ್ಥಳದ ನೇತ್ರಾವತಿ ಹೊಳೆಯಲ್ಲಿ ಮಿಂದು ಬಂದ ಮೇಲೆ ಇಬ್ಬರು ಎರಡು ತುದಿ ಹಿಡಿದರೆ ಮೂರನೆಯವಳು ಸೀರೆ ಬದಲಿಸಲು ಮರೆ. ಎರಡು ಕಿಟಕಿಯ ಸರಳಿಗೆ ಕಟ್ಟಿದರೆ ಒದ್ದೆ ಬಟ್ಟೆ ಹರವುವ ಹಗ್ಗ. ಬರುವಾಗ ಕೊಂಡ ಸಾಮಾನು ಹೆಚ್ಚಾದರೆ ಗಂಟು ಕಟ್ಟಲು ಮತ್ತೆ ಅದೇ. ಸುರುಳಿ ಸುತ್ತಿ ಎಂದು ಹೇಳುವ ವಿಡಿಯೋಗಳಲ್ಲಿ ಇದನ್ನು ನಾನು ನೋಡಿಲ್ಲ. ಅವರು ಹೋಟೆಲಿನ ಕೋಣೆಗೆ ಹೋಗುವವರು; ಅವರಿಗೆ ಬೇಕೂ ಇಲ್ಲ.

ರೈಲಿನದು ಬೇರೆ ಲೆಕ್ಕ. ಸ್ಲೀಪರ್ ದರ್ಜೆಯವರು 40 ಕಿಲೋ, ಸೆಕೆಂಡ್ ಕ್ಲಾಸಿನವರು 35 ಕಿಲೋ ಸಾಮಾನನ್ನು ದುಡ್ಡಿಲ್ಲದೆ ಒಯ್ಯಬಹುದು ಎನ್ನುತ್ತದೆ ನಿಯಮ. ಆದರೆ ಸಣ್ಣ ಸ್ಟೇಷನ್ನಿನಲ್ಲಿ ಗಾಡಿ ನಿಲ್ಲುವುದು ಒಂದೆರಡು ನಿಮಿಷ. ಅಷ್ಟರಲ್ಲಿ ನೀವೊಬ್ಬರೇ ಇಳಿಸಬಲ್ಲಷ್ಟೇ ನಿಮ್ಮ ನಿಜವಾದ ಮಿತಿ. ಎ.ಸಿ. ಬೋಗಿಯಲ್ಲಿ ಹೊದಿಕೆ, ದಿಂಬು ಅವರೇ ಕೊಡುತ್ತಾರೆ, ಸ್ಲೀಪರಿನಲ್ಲಿ ಸಾಮಾನ್ಯವಾಗಿ ನಿಮ್ಮದೇ ಆಗಬೇಕು. ಒಂದೇ ಊರಿಗೆ ಹೋಗುವ ಇಬ್ಬರ ಚೀಲ ಟಿಕೆಟ್ಟಿನಿಂದಲೇ ಬೇರೆಯಾಗುತ್ತದೆ.

ವಿಮಾನದ ಮಾತಿಗೆ ಬಂದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟ ತಾಯಂದಿರ ಪೆಟ್ಟಿಗೆ ನೋಡಿದ್ದೀರಾ? ಹಲವು ಟಿಕೆಟ್‌ಗಳಲ್ಲಿ 23 ಕಿಲೋದ ಎರಡು ಪೆಟ್ಟಿಗೆಗೆ ಅವಕಾಶವಿರುತ್ತದೆ. ಅಷ್ಟರಲ್ಲಿ ಅಂಟಿನ ಉಂಡಿ, ಅಳವಿ, ಒಣಕೊಬ್ಬರಿ, ಕಟಕ ರೊಟ್ಟಿಯ ಕಟ್ಟು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕೂಸಿಗೆ ಕುಂಚಿಗೆ, ಅಳಿಯನಿಗೆ ಅಂಗಿ. ಮನೆಯವರೆಲ್ಲ ಸೇರಿ ತೂಕದ ಕೊಕ್ಕೆಗೆ ಪೆಟ್ಟಿಗೆ ತೂಗುಹಾಕಿ ನೋಡುತ್ತಾರೆ. ಅರ್ಧ ಕಿಲೋ ಹೆಚ್ಚಾಯಿತೆಂದರೆ ಮೊದಲು ಹೊರಗೆ ಬರುವುದು ಚಟ್ನಿಪುಡಿಯಲ್ಲ, ಅವಳ ಸೀರೆ, ಅವಳ ಶಾಲು. ‘ಅಲ್ಲಿ ನಾ ಎಲ್ಲಿಗೆ ಹೋಗೂದೈತಿ’ ಎಂದು ಅವಳೇ ತೆಗೆದುಕೊಡುತ್ತಾಳೆ. ಆರು ತಿಂಗಳು ಪರದೇಶದ ಚಳಿಯಲ್ಲಿ ಇರಬೇಕಾದವಳ ಸ್ವಂತ ಸಾಮಾನು ಆ ಪೆಟ್ಟಿಗೆಗಳ ಒಂದು ಮೂಲೆಯಲ್ಲಿರುತ್ತದೆ. ಮಗಳಂದಿರಿಗೆ ನನ್ನದೊಂದು ಮಾತು: ಪಟ್ಟಿ ಕಳಿಸುವಾಗ ಒಂದು ಪೆಟ್ಟಿಗೆಗೆ ಮಾತ್ರ ಕಳಿಸಿ. ಇನ್ನೊಂದು ಅವ್ವನದು ಎಂದು ಮೊದಲೇ ಹೇಳಿಬಿಡಿ.

ಗುಳಿಗೆಗಳ ವಿಷಯಕ್ಕೆ ಬಂದರೆ ಇದು ಬರೀ ಅನುಕೂಲದ ಪ್ರಶ್ನೆಯಾಗಿ ಉಳಿಯುವುದಿಲ್ಲ. ನಮ್ಮ ಎಷ್ಟೋ ಗಂಡಸರಿಗೆ ತಾವು ಬಿ.ಪಿ.ಗೆ ಯಾವ ಗುಳಿಗೆ ನುಂಗುತ್ತೇವೆಂದು ಗೊತ್ತಿಲ್ಲ. ‘ಬೆಳಿಗ್ಗೆ ಬಿಳೀದು, ರಾತ್ರಿ ಕೆಂಪಂದು’ ಎನ್ನುತ್ತಾರೆ. ಹೆಂಡತಿ ಡಬ್ಬಿಯಿಂದ ತೆಗೆದು ಕೈಗಿಡುತ್ತಾಳೆ, ಇವರು ನೀರು ಕುಡಿಯುತ್ತಾರೆ. ಪರವೂರಿನಲ್ಲಿ ಎದೆ ಹಿಡಿದು, ಹೆಂಡತಿ ಸ್ನಾನಘಟ್ಟದಲ್ಲಿದ್ದು, ಡಾಕ್ಟರು ‘ಯಾವ ಔಷಧಿ ತಗೊಳ್ತೀರಿ?’ ಎಂದು ಕೇಳಿದರೆ ಬಣ್ಣ ಹೇಳಿ ಏನು ಪ್ರಯೋಜನ? ಬೇರೆ ಏನನ್ನೂ ಕಟ್ಟಿಕೊಳ್ಳಲಾಗದಿದ್ದರೂ ಸರಿ, ಅವರವರ ಗುಳಿಗೆಯನ್ನು ಹೆಸರು ಕಾಣುವ ಪಟ್ಟಿಯ ಸಮೇತ ಅವರವರೇ ಜೇಬಿನಲ್ಲೋ ಕೈಚೀಲದಲ್ಲೋ ಇಟ್ಟುಕೊಳ್ಳಲಿ.

ಇದನ್ನೆಲ್ಲ ಹೇಳಿದರೆ ಗೆಳತಿಯರು ತಕ್ಷಣ, ‘ಅವರ ಕೈಗೆ ಕೊಟ್ಟರ ಅರ್ಧ ಮರೀತಾರ’ ಎನ್ನುತ್ತಾರೆ. ಮರೆಯಲಿ. ಟೂತ್‌ಬ್ರಷ್ಷು, ಸಾಬೂನು, ಟವೆಲ್ ಸಿಗದ ಯಾತ್ರಾಸ್ಥಳ ನಮ್ಮ ರಾಜ್ಯದಲ್ಲಿ ಯಾವುದೂ ಇಲ್ಲ. ದೇವಸ್ಥಾನದ ಎದುರಿನ ಅಂಗಡಿಯಲ್ಲಿ ದೇವರ ಫೋಟೋದ ಪಕ್ಕವೇ ತೂಗುಹಾಕಿರುತ್ತಾರೆ. ಕೊಳ್ಳಲು ಆಗದವು ನಾಲ್ಕೇ ವಸ್ತು: ಗುಳಿಗೆ, ಕನ್ನಡಕ, ಗುರುತಿನ ಚೀಟಿ, ಹೊತ್ತಿಗೆ ಆಗುವಷ್ಟು ದುಡ್ಡು. ಉಳಿದದ್ದು ಮರೆತರೆ ಮರೆತವರೇ ಅಂಗಡಿಗೆ ಹೋಗಿ ತರಲಿ. ಒಮ್ಮೆ ತಂದರೆ ಮುಂದಿನ ಸಲ ಮರೆಯುವುದಿಲ್ಲ, ಹೆಂಡತಿಯ ಮೇಲೆ ರೇಗುವುದೂ ಇಲ್ಲ. ಈ ಎರಡನೆಯ ಲಾಭವೇ ದೊಡ್ಡದೆಂದು ನನ್ನ ಎಣಿಕೆ. ಮರೆತ ವಸ್ತುವಿಗಾಗಿ ಪ್ರವಾಸದ ಮೊದಲ ದಿನವೇ ಮುಖ ಕೆಡಿಸಿಕೊಂಡ ಸಂಸಾರಗಳನ್ನು ಬಸ್‌ಸ್ಟ್ಯಾಂಡಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ಬೈಗುಳ ತಿನ್ನುವವಳು ಯಾವಾಗಲೂ ಕಟ್ಟಿದವಳೇ.

ಬುತ್ತಿ ಮಾತ್ರ ಎಲ್ಲರಿಗೂ ಸೇರಿದ್ದು, ಅದನ್ನು ಹಂಚಲಾಗದು. ಆದರೆ ಹೊರುವುದನ್ನು ಹಂಚಬಹುದಲ್ಲ? ರೊಟ್ಟಿ ಮಗನ ಚೀಲಕ್ಕೆ, ಚಟ್ನಿ ಡಬ್ಬಿ ಮಗಳ ಚೀಲಕ್ಕೆ, ನೀರು ಯಜಮಾನರಿಗೆ. ಕೂಸುಗಳು, ತೀರಾ ವಯಸ್ಸಾದವರು, ಕೈ ನಡುಗುವವರು ಇದ್ದರೆ ಅವರದ್ದನ್ನು ಬೇರೆಯವರು ಕಟ್ಟಲೇಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಹತ್ತು ವರ್ಷ ದಾಟಿದ ಮಗ, ಆಫೀಸಿನಲ್ಲಿ ನಾಲ್ಕು ಜನರಿಗೆ ಕೆಲಸ ಹಚ್ಚುವ ಗಂಡ ಈ ಪಟ್ಟಿಯಲ್ಲಿ ಬರುವುದಿಲ್ಲ.

ಡಿಸೆಂಬರಿನ ಪ್ರವಾಸಗಳು ಹತ್ತಿರ ಬಂದಾಗ ಶಾಲೆಗಳಿಂದ ಪಾಲಕರಿಗೆ ಚೀಟಿ ಹೋಗುತ್ತದೆ: ಹೊರಡುವ ಹೊತ್ತು, ಕಟ್ಟಬೇಕಾದ ದುಡ್ಡು, ತರಬೇಕಾದ ತಟ್ಟೆ ಲೋಟ. ಶಿಕ್ಷಕ ಮಿತ್ರರೇ, ಆ ಚೀಟಿಯ ಕೊನೆಗೆ ಇನ್ನೊಂದು ಸಾಲು ಸೇರಿಸಿ. ‘ಚೀಲವನ್ನು ವಿದ್ಯಾರ್ಥಿಯೇ ಕಟ್ಟತಕ್ಕದ್ದು, ಪಾಲಕರು ಕಟ್ಟಿಕೊಟ್ಟದ್ದು ಕಂಡುಬಂದರೆ ಬಿಚ್ಚಿಸಿ ಮತ್ತೆ ಕಟ್ಟಿಸಲಾಗುವುದು.’ ಗಂಡುಮಕ್ಕಳ ಪಾಲಕರಿಗೆ ಕಳಿಸುವ ಚೀಟಿಯಲ್ಲಿ ಇದನ್ನು ದಪ್ಪ ಅಕ್ಷರದಲ್ಲಿ ಹಾಕಿಸಿ.